ಕೊಡದ ತುಂಬ ನೀರಿತ್ತು

ಚಿಕಿತ್ಸೆಯ ಮೊದಲ ಮೂರು ತಿಂಗಳು ನಾನು ಮಾಡಿದ್ದು ಪೊಲೀಸರ ಕೆಲಸ. ಧಾರವಾಡದಲ್ಲಿ ಮನಃಶಾಸ್ತ್ರಜ್ಞೆ ಎನಿಸಿಕೊಂಡ ನಾನು ‘ತಪ್ಪು ಒಪ್ಕೋರಿ’ ಎನ್ನುವುದು, ಅತ್ಯಾಚಾರದ ಕೇಸಿನಲ್ಲಿ ಶಿಕ್ಷೆಯಾದ ರೈತ ‘ಆಕಿ ನಕ್ಕಿದ್ಲರೀ ಮೇಡಂ’ ಎನ್ನುವುದು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಮೆಣಸಿನಕಾಯಿ ಬಿಡಿಸಲು ಕೂಲಿಗೆ ಬಂದವಳ ನಗುವನ್ನೇ ಆತ ಒಪ್ಪಿಗೆ ಅಂದುಕೊಂಡಿದ್ದ. ನಮ್ಮ ಪುಸ್ತಕದಲ್ಲಿ ಇದಕ್ಕೆ ಗ್ರಹಿಕೆಯ ವಿರೂಪ ಅಂತ ಹೆಸರು, ಊರವರ ಬಾಯಲ್ಲಿ ನೆವ.

ಇಂಥವರಿಗೆ ಚಿಕಿತ್ಸೆ ಯಾಕೆ ಅಂತ ನಮ್ಮತ್ತೆ ಇವತ್ತಿಗೂ ಕೇಳುತ್ತಾರೆ. ಶಿಕ್ಷೆ ಮುಗಿದ ಮೇಲೆ ಅವ ಬರೋದು ಊರಿಗೇ ಅಲ್ವಾ ಅತ್ತಿ, ಅನ್ನುತ್ತೇನೆ.

ಒಪ್ಪಿಸದೆ ಚಿಕಿತ್ಸೆಯೇ ಇಲ್ಲವೆಂಬ ನನ್ನ ನಂಬಿಕೆ ಕೆಡಿಸಿದ್ದು ಹ್ಯಾನ್ಸನ್ ಮತ್ತು ಬುಸಿಯೆರ್ ಎಂಬ ಸಂಶೋಧಕರು. 1998ರಲ್ಲಿ ಅವರು ಲೈಂಗಿಕ ಅಪರಾಧಿಗಳ ಮೇಲಿನ 61 ಅಧ್ಯಯನ ಒಟ್ಟುಗೂಡಿಸಿ ನೋಡಿದರೆ, ಅಪರಾಧ ಅಲ್ಲಗಳೆಯುವುದಕ್ಕೂ ಮತ್ತೆ ಅಂಥದೇ ಮಾಡುವುದಕ್ಕೂ ನಂಟೇ ಕಾಣಲಿಲ್ಲ. ಮೇಲೆ 2017ರ ವರದಿ: ಇಂಗ್ಲೆಂಡ್, ವೇಲ್ಸ್ ಜೈಲುಗಳಲ್ಲಿ ಲೈಂಗಿಕ ಅಪರಾಧಿಗಳಿಗಿದ್ದ ಮುಖ್ಯ ಚಿಕಿತ್ಸಾ ಕಾರ್ಯಕ್ರಮಕ್ಕೆ ಸೇರಿದವರಲ್ಲಿ ನೂರಕ್ಕೆ 10 ಮಂದಿಯ ಮೇಲೆ ಮತ್ತೆ ಲೈಂಗಿಕ ಅಪರಾಧ ಸಾಬೀತಾಗಿತ್ತು, ಸೇರದವರಲ್ಲಿ 8.

ಆಮೇಲೆ ನೋಟ್‌ಬುಕ್ಕಿನ ಹಾಳೆ ಹರಿದು ಉದ್ದಕ್ಕೊಂದು ಗೆರೆ ಎಳೆದೆ.

‘ಅವತ್ತ ಮುಂಜಾನೆ ಎಷ್ಟಕ್ಕ ಎದ್ರಿ?’

ಐದಕ್ಕೆ. ರೊಟ್ಟಿ ತಿಂದಿದ್ದು, ಹೊಲಕ್ಕೆ ಹೋಗಿದ್ದು, ಎಲ್ಲಾ ಗೆರೆಯ ಮೇಲೆ ಬಂತು. ಮಧ್ಯಾಹ್ನ ಎರಡಕ್ಕೆ, ಜೊತೆಗಿದ್ದ ಹುಡುಗನನ್ನು ನೀರು ತರಲು ಕಳಿಸಿದ್ದು.

‘ಹೊಲದಾಗ ನೀರ ಇದ್ದಿಲ್ಲೇನ್ರಿ?’

‘ಕೊಡದ ತುಂಬ ಇತ್ತರೀ’ ಅಂದ. ಅಂದವನು ಸುಮ್ಮನಾಗಿ ಹಾಳೆ ನೋಡಿದ. ನಾನೂ ಬಾಯಿ ಬಿಡಲಿಲ್ಲ. ಆ ಹೊತ್ತಿಗೆ ಅಷ್ಟು ಬುದ್ಧಿ ಬಂದಿತ್ತು.

ಅಪರಾಧಿ ನಾಲ್ಕು ಬಾಗಿಲು ದಾಟುತ್ತಾನೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಫಿಂಕೆಲ್‌ಹೋರ್ 1984ರಲ್ಲಿ ಹೇಳಿದ್ದ: ಆಸೆ, ಒಳಗಿನ ತಡೆ, ಹೊರಗಿನ ತಡೆ, ಎದುರಿನವರ ಪ್ರತಿರೋಧ. ಮಕ್ಕಳ ಮೇಲಿನ ದೌರ್ಜನ್ಯಕ್ಕೆಂದು ಹೊಸೆದ ಲೆಕ್ಕ ಅದು. ಆದರೂ ಇಲ್ಲಿ ಕೂತಿತು. ಹೊರಗಿನ ತಡೆ ಆ ಹುಡುಗ. ‘ಆಕಿ ನಕ್ಕಿದ್ಲು’ ಅನ್ನೋದು ಒಳಗಿನ ತಡೆ ದಾಟಲು ತಾನೇ ಇಟ್ಟುಕೊಂಡ ಕಲ್ಲು.

ಮುಂದಿನ ವಾರ ಆತನೇ ಹಾಳೆ ಕೇಳಿದ. ಎರಡು ಗಂಟೆಯ ಗುರುತಿನ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸಿದ. ಬೆರಳು ಹಿಂದಕ್ಕೆ ಸರಿದು ಹನ್ನೊಂದರ ಹತ್ತಿರ ನಿಂತಿತು.

‘ಇಲ್ಲೇ ರೀ ಮೇಡಂ. ಅವನ್ನ ಕಳಸೋದು ಇಲ್ಲೇ ಬಂತು ತಲ್ಯಾಗ.’

ಹನ್ನೊಂದರ ಮುಂದೆ ಒಂದು ಸಣ್ಣ ಗುರುತು ಹಾಕಿ ಕೇಳಿದೆ, ‘ಹತ್ತಕ್ಕ ಏನ್ ಮಾಡ್ತಿದ್ರಿ?’