ಹೆಗಲಿಗೂ ಹಗುರ, ಜೇಬಿಗೂ ಹಗುರ: ಓಡಾಡುತ್ತ ಕೋಡ್ ಬರೆಯಲು ಲ್ಯಾಪ್‌ಟಾಪ್ ಆರಿಸುವುದು ಹೇಗೆ?

ಪ್ರೋಗ್ರಾಮಿಂಗ್‌ಗೆ ಲ್ಯಾಪ್‌ಟಾಪ್ ಬೇಕು ಎಂದ ಕೂಡಲೇ ಎಲ್ಲರೂ ಮೊದಲು ನೋಡುವುದು ಪ್ರೊಸೆಸರ್. ನಾನೂ ಹಾಗೇ ಮಾಡಿದ್ದೆ. ಕೈಯಲ್ಲಿದ್ದ ದುಡ್ಡಿಗೆ ಸಿಗುವ ಅತಿ ವೇಗದ ಪ್ರೊಸೆಸರ್ ಹುಡುಕಿ 15.6 ಇಂಚಿನ ಲ್ಯಾಪ್‌ಟಾಪ್ ತಂದೆ. ಚಾರ್ಜರ್ ಸೇರಿ ಎರಡೂವರೆ ಕಿಲೋ ದಾಟುತ್ತಿತ್ತು. ರ‍್ಯಾಮ್ (ತೆರೆದಿರುವ ಪ್ರೋಗ್ರಾಂಗಳು ಬಳಸುವ ಮೆಮೊರಿ) 8 ಜಿಬಿ, ಅದೂ ಬೋರ್ಡಿಗೇ ಬೆಸುಗೆ ಹಾಕಿದ್ದು. ಎರಡು ತಿಂಗಳು ಹೊತ್ತು ತಿರುಗಿದೆ. ಆಮೇಲೆ ಅದು ಮನೆಯ ಮೇಜು ಬಿಟ್ಟು ಕದಲಲಿಲ್ಲ. ರೈಲಿನಲ್ಲಿ, ಲೈಬ್ರರಿಯಲ್ಲಿ, ಯಾರಿಗೋ ಕಾಯುತ್ತ ಕೂತಾಗ ಸಿಗುತ್ತಿದ್ದ ಅರ್ಧರ್ಧ ಗಂಟೆಯೆಲ್ಲ ಹಾಗೇ ಕಳೆದುಹೋಯಿತು.

ಅಂದಿನಿಂದ ಯಾರೇ ಕೇಳಿದರೂ ಒಂದೇ ಮಾತು ಹೇಳುತ್ತೇನೆ. ಮುಂದೆ ಬದಲಾಯಿಸಲು ಆಗದ್ದಕ್ಕೆ ಮೊದಲು ದುಡ್ಡು ಹಾಕಿ. ತೂಕ, ಪರದೆ, ಕೀಬೋರ್ಡ್, ಬೆಸುಗೆ ಹಾಕಿದ ರ‍್ಯಾಮ್ ಇವೆಲ್ಲ ಕೊಂಡ ದಿನ ಹೇಗಿದ್ದವೋ ಕೊನೆಯವರೆಗೂ ಹಾಗೇ. ಎಸ್‌ಎಸ್‌ಡಿ (ಫೈಲ್‌ಗಳನ್ನು ಉಳಿಸಿಡುವ ಡ್ರೈವ್), ಬ್ಯಾಟರಿ, ಆಪರೇಟಿಂಗ್ ಸಿಸ್ಟಮ್ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಆಮೇಲೂ ಬದಲಾಯಿಸಬಹುದು. ಈ ಲೆಕ್ಕದಲ್ಲೇ ಒಂದೊಂದಾಗಿ ನೋಡೋಣ.

ಹೆಜ್ಜೆ 1: ಹೊರಗೆ ಕೂತು ಏನು ಮಾಡುತ್ತೀರಿ?

ನೀವು ಮಾಡುವ ಎಲ್ಲ ಕೆಲಸವನ್ನೂ ಲೆಕ್ಕಕ್ಕೆ ತರಬೇಡಿ. ಮನೆ ಅಥವಾ ಆಫೀಸಿನ ಹೊರಗೆ ಮಾಡುವುದನ್ನಷ್ಟೇ ಒಂದು ಹಾಳೆಯಲ್ಲಿ ಬರೆಯಿರಿ. ಪೈಥಾನ್, ಜಾವಾಸ್ಕ್ರಿಪ್ಟ್, ವೆಬ್ ಪುಟಗಳ ಕೆಲಸಕ್ಕೆ ದೊಡ್ಡ ಯಂತ್ರ ಬೇಡ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಎಮ್ಯುಲೇಟರ್ (ಕಂಪ್ಯೂಟರಿನೊಳಗೇ ನಡೆಯುವ ನಕಲಿ ಫೋನ್) ಓಡಿಸುತ್ತೀರಾದರೆ 16 ಜಿಬಿ ರ‍್ಯಾಮ್ ಬೇಕೇ ಬೇಕು. ಐಫೋನ್ ಆ್ಯಪ್ ಬರೆಯುವವರಿಗೆ ಮ್ಯಾಕ್ ಬಿಟ್ಟು ಬೇರೆ ದಾರಿಯಿಲ್ಲ, ಯಾಕೆಂದರೆ ಅದಕ್ಕೆ ಬೇಕಾದ ಆ್ಯಪಲ್‌ನ ತಂತ್ರಾಂಶ ಎಕ್ಸ್‌ಕೋಡ್ ಬೇರೆಲ್ಲೂ ಓಡುವುದಿಲ್ಲ. ಮಷೀನ್ ಲರ್ನಿಂಗ್ ಮಾಡೆಲ್‌ಗಳಿಗೆ ತರಬೇತಿ ಕೊಡುವುದನ್ನು ಹಗುರ ಲ್ಯಾಪ್‌ಟಾಪ್‌ನಿಂದ ನಿರೀಕ್ಷಿಸಬೇಡಿ. ಅದನ್ನು ಸರ್ವರ್‌ಗೆ ಬಿಡಿ.

ಭಾರದ ಕೆಲಸವೆಲ್ಲ ಬೇರೆ ಕಂಪ್ಯೂಟರ್‌ನಲ್ಲಿದ್ದು ನೀವು ಎಸ್‌ಎಸ್‌ಎಚ್ (ದೂರದ ಕಂಪ್ಯೂಟರನ್ನು ನೆಟ್‌ನಲ್ಲೇ ನಡೆಸುವ ದಾರಿ) ಮೂಲಕ ಅದಕ್ಕೆ ಸೇರಿಕೊಳ್ಳುತ್ತೀರಾದರೆ ಲೆಕ್ಕವೇ ಬೇರೆ. ಆಗ ಕೈಯಲ್ಲಿರುವುದು ಬರೀ ಪರದೆ ಮತ್ತು ಕೀಬೋರ್ಡ್ ಇದ್ದ ಹಾಗೆ, ಅಗ್ಗದ ಪ್ರೊಸೆಸರ್ ಸಾಕು. ಆದರೆ ನೆಟ್ ಹೋದ ಕ್ಷಣ ಕೆಲಸವೂ ನಿಲ್ಲುತ್ತದೆ. ನೀವು ಓಡಾಡುವ ದಾರಿಯಲ್ಲಿ ಸಿಗ್ನಲ್ ಹೇಗಿದೆ ಎಂದು ಮೊದಲೇ ಯೋಚಿಸಿ.

ಈಗಿರುವ ಕಂಪ್ಯೂಟರ್‌ನಲ್ಲಿ ಎಂದಿನಂತೆ ಎಲ್ಲವನ್ನೂ ತೆರೆದು ಒಂದು ಗಂಟೆ ಕೆಲಸ ಮಾಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಎಷ್ಟು ಬಳಕೆಯಾಗಿದೆ ನೋಡಿ ಬರೆದಿಟ್ಟುಕೊಳ್ಳಿ. ಮುಂದೆ ಈ ಸಂಖ್ಯೆ ಬೇಕಾಗುತ್ತದೆ.

ಹೆಜ್ಜೆ 2: ತೂಕಕ್ಕೊಂದು ಗೆರೆ ಎಳೆಯಿರಿ

13 ಅಥವಾ 14 ಇಂಚಿನ ಪರದೆ, 1.4 ಕಿಲೋ ಒಳಗಿನ ತೂಕ. ನನ್ನ ಗೆರೆ ಇದು. ನಿಮ್ಮದು ಎಷ್ಟು ಎಂದು ತಿಳಿಯಬೇಕಾದರೆ ಬ್ಯಾಗಿನಲ್ಲಿ ಅಷ್ಟೇ ತೂಕದ ಪುಸ್ತಕಗಳನ್ನಿಟ್ಟು ಒಂದು ಇಡೀ ದಿನ ಓಡಾಡಿ. ಸಂಜೆ ಹೆಗಲೇ ಉತ್ತರ ಹೇಳುತ್ತದೆ.

ಜಾಹೀರಾತಿನ ತೂಕದಲ್ಲಿ ಚಾರ್ಜರ್ ಇರುವುದಿಲ್ಲ. ಹಳೆಯ ಮಾದರಿಯ ಇಟ್ಟಿಗೆಯಂಥ ಚಾರ್ಜರ್ ವೈರ್ ಸೇರಿ 300 ಗ್ರಾಂ ದಾಟುವುದುಂಟು. ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವ ಲ್ಯಾಪ್‌ಟಾಪ್ ಕೊಂಡರೆ ಅಂಗೈಯಗಲದ 65 ವ್ಯಾಟ್ ಚಾರ್ಜರ್ ಒಂದೇ ಸಾಕು. ಫೋನೂ ಅದರಲ್ಲೇ ಚಾರ್ಜ್ ಆಗುತ್ತದೆ. ಇನ್ನೊಂದು ಲಾಭವೂ ಇದೆ. 45 ವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿ ಕೊಡುವ ಪವರ್ ಬ್ಯಾಂಕ್‌ನಿಂದಲೇ ಲ್ಯಾಪ್‌ಟಾಪ್ ಓಡಿಸಬಹುದು. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ ಸುಮಾರು 74 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ತುಂಬುವ ಶಕ್ತಿಯ ಅಳತೆ). ವಿಮಾನದ ಕೈಚೀಲದಲ್ಲಿ ಸಾಮಾನ್ಯವಾಗಿ 100ರವರೆಗೆ ಬಿಡುತ್ತಾರೆ, ಹಾಗಾಗಿ ತೊಂದರೆಯಿಲ್ಲ.

ಹಗುರ ಬೇಕು ಎಂದು ತೀರಾ ಚಿಕ್ಕದಕ್ಕೂ ಹೋಗಬೇಡಿ. 2007ರಲ್ಲಿ ಬಂದ ಆಸುಸ್ ಈ ಪಿಸಿ ಒಂದು ಕಿಲೋಗಿಂತ ಕಡಿಮೆ ತೂಗುತ್ತಿತ್ತು, ಬೆಲೆಯೂ ಕಡಿಮೆ. ಆದರೆ 7 ಇಂಚಿನ ಪರದೆ, ಬೆರಳುಗಳು ಒಂದರ ಮೇಲೊಂದು ಬೀಳುವಂಥ ಕೀಬೋರ್ಡ್. ಗಂಟೆಗಟ್ಟಲೆ ಟೈಪ್ ಮಾಡುವವರಿಗೆ 12 ಇಂಚಿಗಿಂತ ಚಿಕ್ಕದು ಬೇಡ.

ಹೆಜ್ಜೆ 3: ರ‍್ಯಾಮ್ ವಿಷಯದಲ್ಲಿ ರಾಜಿ ಬೇಡ

ದುಡ್ಡು ಕಡಿಮೆಯಿದ್ದಾಗ ಎಲ್ಲಾದರೂ ಕಡಿತ ಮಾಡಲೇಬೇಕು. ರ‍್ಯಾಮ್‌ನಲ್ಲಿ ಮಾತ್ರ ಮಾಡಬೇಡಿ. ಯಾಕೆ ಅಂತೀರಾ? ವಿಎಸ್ ಕೋಡ್ ಎಡಿಟರ್‌ನ ಹೊಟ್ಟೆಯೊಳಗೇ ಒಂದು ಬ್ರೌಸರ್ ಇದೆ. ನೀವು ಟೈಪ್ ಮಾಡುವಾಗ ತಪ್ಪು ತೋರಿಸುವ, ಮುಂದಿನ ಪದ ಸೂಚಿಸುವ ಲ್ಯಾಂಗ್ವೇಜ್ ಸರ್ವರ್ ಬೇರೆಯಾಗಿ ಮೆಮೊರಿ ತಿನ್ನುತ್ತದೆ. ಪಕ್ಕದಲ್ಲಿ ನಿಜವಾದ ಬ್ರೌಸರ್, ಅದರಲ್ಲಿ ಇಪ್ಪತ್ತು ಟ್ಯಾಬ್. ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಡಾಕರ್ (ಪ್ರೋಗ್ರಾಂಗಳನ್ನು ಬೇರೆಬೇರೆ ಡಬ್ಬಿಗಳಲ್ಲಿಟ್ಟಂತೆ ಓಡಿಸುವ ಸಾಧನ) ಓಡಬೇಕಾದರೆ ಒಳಗೊಂದು ಲಿನಕ್ಸ್ ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್, ಎದ್ದು ಕೂರುತ್ತದೆ, ಅದರ ಪಾಲು ಅದಕ್ಕೆ. ಆಪರೇಟಿಂಗ್ ಸಿಸ್ಟಮ್ ತನ್ನದನ್ನು ಮೊದಲೇ ತೆಗೆದುಕೊಂಡಿರುತ್ತದೆ. ಇಷ್ಟೆಲ್ಲ 8 ಜಿಬಿಯಲ್ಲಿ ಹಿಡಿಸದಿದ್ದಾಗ ಕಂಪ್ಯೂಟರ್ ಎಸ್‌ಎಸ್‌ಡಿಯನ್ನೇ ಮೆಮೊರಿಯಂತೆ ಬಳಸತೊಡಗುತ್ತದೆ. ಎಸ್‌ಎಸ್‌ಡಿ ಎಷ್ಟೇ ವೇಗದ್ದಾದರೂ ರ‍್ಯಾಮ್‌ಗೆ ಸಾಟಿಯಲ್ಲ. ಆಗ ಪ್ರೊಸೆಸರ್ ಎಷ್ಟೇ ಒಳ್ಳೆಯದಿರಲಿ, ಕಾಯುತ್ತ ಕೂರಬೇಕು. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ದಿನಾ ಆಗುತ್ತಿದ್ದುದು ಇದೇ.

ಹಾಗಾಗಿ 16 ಜಿಬಿ ಹುಡುಕಿ. 8 ಜಿಬಿಯದ್ದೇ ಸಿಕ್ಕಿದರೆ ಖಾಲಿ ಸ್ಲಾಟ್ ಇದೆಯೇ ಎಂದು ಕೇಳಿ. ಇದ್ದರೆ ಧೈರ್ಯವಾಗಿ ಕೊಳ್ಳಿ, ಇನ್ನೊಂದು ರ‍್ಯಾಮ್ ಆಮೇಲೆ ಹಾಕಿಸಿದರಾಯಿತು. ವಿವರಗಳ ಪಟ್ಟಿಯಲ್ಲಿ ‘ಎಲ್‌ಪಿಡಿಡಿಆರ್’, ‘ಆನ್‌ಬೋರ್ಡ್’ ಅಥವಾ ‘ಸೋಲ್ಡರ್ಡ್’ ಎಂದಿದ್ದರೆ ಆ ರ‍್ಯಾಮ್ ಬಹುಮಟ್ಟಿಗೆ ಬೆಸುಗೆಯದ್ದೇ. ‘ಎಸ್‌ಒ-ಡಿಮ್’ ಎಂದಿದ್ದರೆ ಬದಲಾಯಿಸಬಹುದು. ಹೆಜ್ಜೆ 1ರಲ್ಲಿ ಬರೆದಿಟ್ಟ ಸಂಖ್ಯೆಯೇ 12 ಜಿಬಿ ದಾಟಿದ್ದರೆ 16ರಲ್ಲೂ ಬಿಗಿಯಾಗುತ್ತದೆ. ಆಗ 32 ಜಿಬಿವರೆಗೆ ಹೋಗಬಲ್ಲ ಮಾದರಿಯನ್ನೇ ನೋಡಿ.

ಸ್ಟೋರೇಜ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 256 ಜಿಬಿ ಎನ್‌ವಿಎಂಇ (ವೇಗದ ಬಗೆಯ) ಎಸ್‌ಎಸ್‌ಡಿ ಸಾಕು, ತುಂಬಿದಾಗ ದೊಡ್ಡದು ಹಾಕಿಸಿ. ‘ಇಎಂಎಂಸಿ’ ಎಂದು ಕಂಡರೆ ಮಾತ್ರ ಬಿಟ್ಟುಬಿಡಿ. ಅದು ನಿಧಾನ, ಬದಲಾಯಿಸಲೂ ಆಗದು.

ಹೆಜ್ಜೆ 4: ಪರದೆ ಮತ್ತು ಕೀಬೋರ್ಡ್

1366×768 ಪಿಕ್ಸೆಲ್ ಪರದೆಯಲ್ಲಿ ಎರಡು ಫೈಲ್ ಅಕ್ಕಪಕ್ಕ ತೆರೆದರೆ ಎರಡೂ ಸರಿಯಾಗಿ ಕಾಣುವುದಿಲ್ಲ. ಕಡೇ ಪಕ್ಷ 1920×1080 ಇರಲಿ. 1920×1200 ಸಿಕ್ಕಿದರೆ ಇನ್ನೂ ಒಳ್ಳೆಯದು. ಎತ್ತರದಲ್ಲಿ 120 ಪಿಕ್ಸೆಲ್ ಜಾಸ್ತಿ ಸಿಗುತ್ತದೆ, ಅಂದರೆ 20 ಪಿಕ್ಸೆಲ್‌ಗೆ ಒಂದು ಸಾಲಿನಂತೆ 6 ಸಾಲು ಹೆಚ್ಚು ಕೋಡ್ ಕಣ್ಣಮುಂದೆ. ದಿನವಿಡೀ ಸ್ಕ್ರೋಲ್ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ. ಐಪಿಎಸ್ ಪರದೆ (ಓರೆಯಿಂದ ನೋಡಿದರೂ ಬಣ್ಣ ಮಾಸದ ಬಗೆ) ಇರಲಿ, ಮೇಲ್ಮೈ ಹೊಳಪಿಲ್ಲದ ಮ್ಯಾಟ್ ಆಗಿರಲಿ. ಹೊರಗೆ ಕೂರುವವರಿಗೆ ಪರದೆಯ ಬೆಳಕು ಮುಖ್ಯ, ಅದರ ಅಳತೆ ನಿಟ್ಸ್. 300 ನಿಟ್ಸ್‌ಗಿಂತ ಕಡಿಮೆಯಿದ್ದರೆ ಕಿಟಕಿ ಪಕ್ಕ ಕೂತಾಗ ಕೋಡ್ ಬದಲು ನಿಮ್ಮ ಮುಖವೇ ಕಾಣುತ್ತದೆ.

ಕೀಬೋರ್ಡನ್ನು ಮುಟ್ಟದೆ ಕೊಳ್ಳಬೇಡಿ. ಸುಮ್ನೆ ಹೆಸರು ಟೈಪ್ ಮಾಡಿ ನೋಡಿದರೆ ಏನೂ ತಿಳಿಯದು. ಹತ್ತು ಸಾಲು ನಿಜವಾದ ಕೋಡ್ ಬರೆಯಿರಿ. ಆವರಣ ಚಿಹ್ನೆಗಳು ಬೆರಳಿಗೆ ಸಿಗುತ್ತವೆಯೇ? ಹೋಮ್, ಎಂಡ್ ಕೀಗಳು ಬೇರೆಯಾಗಿ ಇವೆಯೇ, ಇಲ್ಲ ಫಂಕ್ಷನ್ ಕೀ ಹಿಡಿದೇ ಒತ್ತಬೇಕೇ? ಪವರ್ ಬಟನ್ ಡಿಲೀಟ್ ಕೀ ಪಕ್ಕದಲ್ಲೇ ಕೂತಿದೆಯೇ?

ಹೆಜ್ಜೆ 5: ಬ್ಯಾಟರಿಗೆ ನಿಮ್ಮದೇ ಲೆಕ್ಕ

ಡಬ್ಬಿಯ ಮೇಲಿನ ‘15 ಗಂಟೆ’ ಸಾಮಾನ್ಯವಾಗಿ ಪರದೆಯ ಬೆಳಕು ತಗ್ಗಿಸಿ, ವಿಡಿಯೊ ಓಡಿಸಿ ಅಳೆದದ್ದು. ನೀವು ವ್ಯಾಟ್-ಅವರ್ ನೋಡಿ. ಕೋಡ್ ಬರೆಯುವಾಗ ಲ್ಯಾಪ್‌ಟಾಪ್ ಸರಾಸರಿ 8 ವ್ಯಾಟ್ ಬಳಸುತ್ತದೆ ಎಂದುಕೊಳ್ಳಿ. 50 ವ್ಯಾಟ್-ಅವರ್ ಬ್ಯಾಟರಿ ಆರು ಗಂಟೆ ಬರುತ್ತದೆ. ಪದೇಪದೇ ಬಿಲ್ಡ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಬದಲಿಸುವುದು) ಮಾಡುತ್ತಿದ್ದರೆ ಇದು ಅರ್ಧಕ್ಕೂ ಇಳಿಯಬಹುದು. ಬ್ಯಾಟರಿ 40 ವ್ಯಾಟ್-ಅವರ್‌ಗಿಂತ ಕಡಿಮೆಯಿದ್ದರೆ ಚಾರ್ಜರ್ ಬಿಟ್ಟು ಹೊರಡುವುದು ಕಷ್ಟ.

ಹೆಜ್ಜೆ 6: ಪ್ರೊಸೆಸರ್ ಹೆಸರು ಓದುವುದು

ಹೆಸರಿನ ದೊಡ್ಡ ಅಂಕಿ ನೋಡಿ ಮೋಸಹೋಗಬೇಡಿ. ಎಎಂಡಿಯ ರೈಜನ್ 5 7520ಯು ಮತ್ತು ರೈಜನ್ 5 7530ಯು ಅಣ್ಣತಮ್ಮಂದಿರಂತೆ ಕಾಣುತ್ತವೆ. ಈ 7000 ಸಾಲಿನಲ್ಲಿ ಒಳಗಿನ ವಿನ್ಯಾಸ ಯಾವುದೆಂದು ಹೇಳುವುದು ಮೂರನೇ ಅಂಕಿ. ಮೊದಲನೆಯದರಲ್ಲಿ ಅದು 2, ಅಂದರೆ 2019ರಲ್ಲಿ ಬಂದ ಝೆನ್ 2, ನಾಲ್ಕು ಕೋರ್ (ಏಕಕಾಲಕ್ಕೆ ಕೆಲಸ ಮಾಡುವ ಘಟಕಗಳು). ಎರಡನೆಯದರಲ್ಲಿ 3, ಅಂದರೆ ಝೆನ್ 3, ಆರು ಕೋರ್. ಇಂಟೆಲ್‌ನಲ್ಲಿ ಕೊನೆಗೆ ‘ಯು’ ಇದ್ದರೆ ಕಡಿಮೆ ವಿದ್ಯುತ್ತಿನದು, ‘ಎಚ್’ ಇದ್ದರೆ ಜಾಸ್ತಿ ಬಿಸಿಯಾಗುವ, ಬ್ಯಾಟರಿ ಬೇಗ ಮುಗಿಸುವ ಬಗೆ. ಅಗ್ಗದ ಎನ್100 ಪ್ರೊಸೆಸರ್ ಪೈಥಾನ್ ಕಲಿಯಲು, ಎಸ್‌ಎಸ್‌ಎಚ್‌ಗೆ ಚೆನ್ನಾಗಿದೆ. ದೊಡ್ಡ ಸಿ++ ಅಥವಾ ರಸ್ಟ್ ಪ್ರಾಜೆಕ್ಟ್ ಬಿಲ್ಡ್ ಮಾಡಲು ಸಾಲದು. ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್ ಇರುವುದು ಬೇಡ, ಅದರ ತೂಕ ಹೊರುವುದು ನೀವೇ ಅಲ್ವಾ?

ಹೆಜ್ಜೆ 7: ಹೊಸದೋ, ಸೆಕೆಂಡ್ ಹ್ಯಾಂಡೋ?

ಒಂದೇ ಬೆಲೆಗೆ ಹೊಸ ಅಗ್ಗದ ಲ್ಯಾಪ್‌ಟಾಪ್ ಒಂದು ಕಡೆ, ಮೂರ್ನಾಲ್ಕು ವರ್ಷ ಬಳಸಿದ ಬಿಸಿನೆಸ್ ಲ್ಯಾಪ್‌ಟಾಪ್ ಇನ್ನೊಂದು ಕಡೆ ಇದ್ದರೆ ನಾನು ಎರಡನೆಯದನ್ನೇ ಎತ್ತಿಕೊಳ್ಳುತ್ತೇನೆ. ಲೆನೊವೊದ ಥಿಂಕ್‌ಪ್ಯಾಡ್ ಟಿ14ಎಸ್ ಮತ್ತು ಎಕ್ಸ್13, ಡೆಲ್‌ನ ಲ್ಯಾಟಿಟ್ಯೂಡ್ 7000 ಸಾಲು, ಎಚ್‌ಪಿಯ ಎಲೈಟ್‌ಬುಕ್ 800 ಸಾಲು ನೋಡಿ. ಕಂಪನಿಗಳು ಇವನ್ನು ಒಟ್ಟಿಗೆ ತೆಗೆದುಕೊಂಡು ಕೆಲವು ವರ್ಷಕ್ಕೆ ಒಟ್ಟಿಗೇ ಹಿಂದಿರುಗಿಸುತ್ತವೆ. ಕೀಬೋರ್ಡ್ ಚೆನ್ನಾಗಿರುತ್ತದೆ, ಬಿಚ್ಚುವ ಕ್ರಮ ವಿವರಿಸುವ ಸರ್ವಿಸ್ ಮ್ಯಾನುವಲ್‌ಗಳು ಸಿಗುತ್ತವೆ. ಟಿ14ಎಸ್, ಎಕ್ಸ್13ಗಳಲ್ಲಿ ರ‍್ಯಾಮ್ ಬೆಸುಗೆಯದು, ಹಾಗಾಗಿ 16 ಜಿಬಿಯದ್ದನ್ನೇ ಹುಡುಕಿ. 2020ರ ನವೆಂಬರ್‌ನಲ್ಲಿ ಬಂದ ಎಂ1 ಮ್ಯಾಕ್‌ಬುಕ್ ಏರ್ 1.29 ಕಿಲೋ, ಫ್ಯಾನ್ ಇಲ್ಲ, ಬ್ಯಾಟರಿ ಚೆನ್ನಾಗಿ ಬರುತ್ತದೆ. ಅದರಲ್ಲೂ ಮೆಮೊರಿ ಏರಿಸಲಾಗದು.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರ ಮುಂದಿನದು ಬೇಕು. ಲಿನಕ್ಸ್ ಹಾಕುವವರಿಗೆ ಈ ಕಟ್ಟುಪಾಡಿಲ್ಲ.

ಹೆಜ್ಜೆ 8: ದುಡ್ಡು ಕೊಡುವ ಮೊದಲು, ಕೊಟ್ಟ ಮೇಲೆ

ಬಳಸಿದ ಲ್ಯಾಪ್‌ಟಾಪ್ ಆದರೆ ಮೊದಲು ಬಯೋಸ್ (ಯಂತ್ರ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪುಟ) ತೆರೆಯಿರಿ. ಪಾಸ್‌ವರ್ಡ್ ಕೇಳಿದರೆ ಬಿಟ್ಟು ಎದ್ದುಬನ್ನಿ. ರಿಸೆಟ್ ಮಾಡಿಸಿ, ನೆಟ್‌ಗೆ ಜೋಡಿಸಿ ನೋಡಿ. ಯಾವುದೋ ಕಂಪನಿಯ ಲಾಗಿನ್ ಪುಟ ಬಂದರೆ ಅದೂ ಬೇಡ, ಅದರ ಬೀಗ ಇನ್ನೂ ಆ ಕಂಪನಿಯ ಕೈಯಲ್ಲಿದೆ. ವಿಂಡೋಸ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯುವ ಕಮಾಂಡ್ ಇದೆ. ಹೊಸದಿದ್ದಾಗ 50 ವ್ಯಾಟ್-ಅವರ್ ಇದ್ದದ್ದು ಈಗ 38 ಮಾತ್ರ ತುಂಬುತ್ತಿದ್ದರೆ ಉಳಿದಿರುವುದು ಶೇ 76. ಹೊಸ ಬ್ಯಾಟರಿಯ ಖರ್ಚನ್ನೂ ಸೇರಿಸಿ ಬೆಲೆ ಮಾತಾಡಿ. ಲಿನಕ್ಸ್ ಬಳಸುವುದಾದರೆ ಪೆನ್‌ಡ್ರೈವ್‌ನಲ್ಲಿ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೆಯೇ ಓಡುವ ಲಿನಕ್ಸ್) ಒಯ್ದು ವೈಫೈ, ಧ್ವನಿ, ಕ್ಯಾಮೆರಾ ಎಲ್ಲ ಅಲ್ಲೇ ನೋಡಿ.

ಮನೆಗೆ ತಂದ ದಿನವೇ ನಿಮ್ಮ ಅತಿ ದೊಡ್ಡ ಪ್ರಾಜೆಕ್ಟ್ ಇಳಿಸಿಕೊಂಡು ಬಿಲ್ಡ್ ಮಾಡಿ. ತೊಡೆಯ ಮೇಲೆ ಇಟ್ಟುಕೊಂಡು ಒಂದು ಗಂಟೆ ಬರೆಯಿರಿ, ಬಿಸಿ ತಡೆಯಲು ಆಗುತ್ತದೆಯೇ ನೋಡಿ. ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಆಫ್ ಮಾಡದೆ ಮುಚ್ಚಿ ಬ್ಯಾಗಿನಲ್ಲಿಡಿ. ಕೆಲವು ಲ್ಯಾಪ್‌ಟಾಪ್‌ಗಳು ಸ್ಲೀಪ್‌ಗೆ ಹೋದಂತೆ ಕಂಡರೂ ಒಳಗೊಳಗೇ ಎಚ್ಚರವಾಗಿರುತ್ತವೆ. ಬೆಳಿಗ್ಗೆ ತೆಗೆದಾಗ ಬ್ಯಾಗ್ ಬೆಚ್ಚಗಿದ್ದು ಬ್ಯಾಟರಿ ಅರ್ಧಕ್ಕೆ ಇಳಿದಿದ್ದರೆ ಮೊದಲು ಹೈಬರ್ನೇಟ್ (ತೆರೆದ ಕೆಲಸ ಉಳಿಸಿಟ್ಟು ಆಫ್ ಆಗುವ) ಸೆಟ್ಟಿಂಗ್ ಹಾಕಿ ಇನ್ನೊಂದು ರಾತ್ರಿ ನೋಡಿ. ಆಗಲೂ ಹಾಗೇ ಆದರೆ ವಾಪಸ್ ಕೊಡುವ ದಿನ ದಾಟುವ ಮೊದಲೇ ಹಿಂದಿರುಗಿಸಿ.