ಅಮ್ಮಮ್ಮನ ಅಡುಗೆ ಪುಸ್ತಕಕ್ಕೆ ತಕ್ಕಡಿ ಹಿಡಿದೆ

"ಅಪ್ಪೆಹುಳಿ. ಮಾವಿನಕಾಯಿ, ನೀರು, ಉಪ್ಪು, ಹಸಿಮೆಣಸು. ಇಂಗು ಮರೆಯಬಾರದು." ಊಟದ ಕೊನೆಗೆ ಕುಡಿಯುವ ಈ ತೆಳು ಹುಳಿಗೆ ಅಮ್ಮಮ್ಮನ ಪುಸ್ತಕದಲ್ಲಿ ಇಷ್ಟೇ ಇದೆ. ಕಾಯಿ ಎಷ್ಟು, ನೀರು ಎಷ್ಟು, ಕಾಯಿ ಬೇಯಿಸಬೇಕೋ ಬೇಡವೋ, ಒಂದೂ ಇಲ್ಲ. ಅವಳು ಅದನ್ನು ನಮಗಾಗಿ ಬರೆದದ್ದಲ್ಲ, ಅಲ್ವಾ? ತನ್ನ ನೆನಪಿಗೆ ಬರೆದುಕೊಂಡದ್ದು. ಅಡುಗೆ ಗೊತ್ತಿದ್ದವರಿಗೆ ಅಷ್ಟು ಸಾಕು. ನನಗೆ ಸಾಲಲಿಲ್ಲ.

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ನನ್ನ ಅಜ್ಜನಮನೆ. ಪರೀಕ್ಷೆ ಮುಗಿದ ಮರುದಿನವೇ ನಾವು ಮಕ್ಕಳೆಲ್ಲ ಅಲ್ಲಿಗೆ ಓಡುತ್ತಿದ್ದೆವು. ಅಮ್ಮಮ್ಮ ಹೋದ ಮೇಲೆ ಅಟ್ಟದ ಪೆಟ್ಟಿಗೆಯಲ್ಲಿದ್ದ ಎರಡು ಪುಸ್ತಕಗಳನ್ನು ನಾನು ಕೇಳಿ ತಂದೆ. ಒಂದು ಅಡಿಕೆ ಲೆಕ್ಕದ ಉದ್ದ ಪುಸ್ತಕ. ಒಂದು ಕಡೆಯಿಂದ ಅಜ್ಜನ ಲೆಕ್ಕ, ತಲೆಕೆಳಗು ಮಾಡಿ ಹಿಡಿದರೆ ಅಮ್ಮಮ್ಮನ ಅಡುಗೆ. ಇನ್ನೊಂದು ಅಚ್ಚಾದ ಪಾಕಪುಸ್ತಕ, ರಟ್ಟೂ ಇಲ್ಲ, ಮೊದಲ ಪುಟಗಳೂ ಇಲ್ಲ. ಅದರಲ್ಲಿ ಅಳತೆ ಎಲ್ಲ ಚೊಕ್ಕವಾಗಿದೆ, ಆದರೆ ಹುಡುಕಿದರೂ ಒಂದು ತಂಬುಳಿ ಸಿಗುವುದಿಲ್ಲ. ಅಮ್ಮಮ್ಮನಿಗೂ ಇದು ಹಿಡಿಸಿರಲಿಕ್ಕಿಲ್ಲ. ತುಪ್ಪ ಎಂದಿದ್ದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಹೊಡೆದು ಕೊಬ್ಬರಿ ಎಣ್ಣೆ ಎಂದು ಬರೆದಿದ್ದಾಳೆ.

ಮೊದಲು ಮಾಡಿದ ಕೆಲಸ ಫೋಟೋ ತೆಗೆದದ್ದು. ಬೆಳಗಿನ ಹೊತ್ತು, ಕಿಟಕಿಯ ಪಕ್ಕ, ಫ್ಲ್ಯಾಶ್ ಇಲ್ಲದೆ. ಹರಿದ ಹಾಳೆಗೆ ಸೆಲ್ಲೋಟೇಪು ಹಚ್ಚಬೇಡಿ, ವರ್ಷ ಕಳೆದರೆ ಹಳದಿಯಾಗಿ ಅಕ್ಷರವನ್ನೂ ಕರೆದುಕೊಂಡು ಹೋಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಬೂಸಲು ಬೇರೆ. ಹಾಳೆಗಳ ನಡುವೆ ಬಟರ್ ಪೇಪರ್ ಇಟ್ಟು ಸ್ಟೀಲ್ ಡಬ್ಬಿಗೆ ಹಾಕಿದೆ. ಅಡುಗೆಮನೆಗೆ ಬರುವುದು ಫೋಟೋದ ಪ್ರತಿ ಮಾತ್ರ.

ಆಮೇಲೆ ಅಳತೆಯ ಜಗಳ ಶುರುವಾಯಿತು. ಅಮ್ಮಮ್ಮನ ಬರಹದ ಮೊದಲ ಪುಟಗಳಲ್ಲಿ ಸೇರು, ಪಾವಶೇರು, ಛಟಾಕು. ನಡುವೆ ಸಿದ್ದೆ, ಅಂದರೆ ಅಳತೆಯ ಪಾತ್ರೆ. ಕೊನೆಯಲ್ಲಿ ಕುಕ್ಕರಿಗೆ ಮರಳು ಹಾಕಿ ಮಾಡುವ ಕೇಕು ಬರುತ್ತದೆ, ಅಷ್ಟು ಹೊತ್ತಿಗೆ ಗ್ರಾಂ ಬಂದಿದೆ. ತಾರೀಕು ಬರೆಯದಿದ್ದರೂ ಯಾವ ಪುಟ ಹಳೆಯದು ಎಂದು ಇದರಿಂದಲೇ ತಿಳಿಯಿತು. ಒಂದು ಕಡೆ "ಒಂದಾಣೆ ಇಂಗು" ಎಂದಿದೆ. ಆಣೆ ಹೋಗಿ ನಯಾಪೈಸೆ ಬಂದದ್ದು 1957ರಲ್ಲಿ. ಆಮೇಲೂ ಜನ ಆಣೆ ಲೆಕ್ಕ ಬಿಡಲಿಲ್ಲ, ಆದರೂ ಸುಮಾರಿಗೆ ಆ ಕಾಲದ ಬರಹ ಅನ್ನಬಹುದು.

ಪಕ್ಕಾ ಸೇರು ಎಂದರೆ 80 ತೊಲ, ಅಂದರೆ ಸುಮಾರು 933 ಗ್ರಾಂ. ಛಟಾಕು ಅದರ ಹದಿನಾರನೇ ಒಂದು ಪಾಲು, 58 ಗ್ರಾಂ. ಆದರೆ ಸೇರು ಊರಿಗೊಂದು ಥರ ಇತ್ತು. 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ರಾಜ್ಯಕ್ಕೆ ಸೇರಿತ್ತು. ಹಾಗಾಗಿ ಬೆಂಗಳೂರಿನ ಕಡೆಯ ಪುಸ್ತಕದ ಸೇರು, ಅಜ್ಜನಮನೆಯ ಸೇರು ಒಂದೇ ಎಂದು ಕಣ್ಣುಮುಚ್ಚಿ ನಂಬುವಂತಿಲ್ಲ. ಸಾಲದ್ದಕ್ಕೆ ಅಕ್ಕಿ ಅಳೆಯುವ ಸೇರು ಬೇರೆ, ಬೆಲ್ಲ ತೂಗುವ ಸೇರು ಬೇರೆ. ಇದಕ್ಕೆ ಒಂದೇ ದಾರಿ: ಆ ಮನೆಯ ಪಾತ್ರೆಯನ್ನೇ ಹಿಡಿಯುವುದು. ಹಿತ್ತಾಳೆಯ ಸಿದ್ದೆ ಇನ್ನೂ ಅಮ್ಮಮ್ಮನ ಸೊಸೆ, ನನ್ನ ಅತ್ತೆಯ ಅಕ್ಕಿ ಡಬ್ಬಿಯಲ್ಲೇ ಇತ್ತು. ನೀರು ತುಂಬಿ ತೂಗಿದೆ, ಅಕ್ಕಿ ತುಂಬಿ ತೂಗಿದೆ, ಹರಳುಪ್ಪು, ಪುಡಿ ಉಪ್ಪು ಎರಡನ್ನೂ ತೂಗಿದೆ. ಉಪ್ಪಿನ ವಿಷಯಕ್ಕೆ ಇದು ತುಂಬಾ ಮುಖ್ಯ. ಆಗ ಮನೆಗೆ ಬರುತ್ತಿದ್ದದ್ದು ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಹರಳುಪ್ಪು. ಹರಳಿನ ಸಂದಿಯಲ್ಲಿ ಗಾಳಿಯೇ ಜಾಸ್ತಿ. ಅದೇ ಸಿದ್ದೆಗೆ ಪ್ಯಾಕೆಟ್ಟಿನ ಪುಡಿ ಉಪ್ಪು ಹಾಕಿದರೆ ತೂಕ ಏರಿಬಿಡುತ್ತದೆ. ಹಳೆಯ ಪುಸ್ತಕ ನೋಡಿ ಮಾಡಿದ ಉಪ್ಪಿನಕಾಯಿ ಉಪ್ಪುಕಟ್ಟೆಯಾಗುವುದು ಹೆಚ್ಚಾಗಿ ಇದಕ್ಕೇ.

ಇಂಗಿನದೂ ಹಾಗೆಯೇ. ಆಗ ಗಟ್ಟಿ ಇಂಗು, ಚಿವುಟಿ ನೀರಿನಲ್ಲಿ ಕದಡುತ್ತಿದ್ದರು. ಈಗಿನ ಡಬ್ಬಿಯ ಪುಡಿಯಲ್ಲಿ ಮೈದಾ, ಗೋಂದು ಬೆರೆತಿರುತ್ತದೆ. ಒಂದಾಣೆಗೆ ಎಷ್ಟು ಬರುತ್ತಿತ್ತು ಎಂದು ಅತ್ತೆಯನ್ನು ಕೇಳಿದೆ. ಹುಣಸೆಬೀಜದಷ್ಟು ಎಂದರು. ಗಟ್ಟಿ ಇಂಗನ್ನೇ ತಂದು ಅಷ್ಟು ತೆಗೆದು ತೂಗಿದೆ.

ಪುಸ್ತಕದಲ್ಲಿ ಅಳತೆಯೇ ಇಲ್ಲದ ಕಡೆ ಅತ್ತೆಯ ಕೈಯೇ ಗತಿ. ಎಂಬತ್ತು ದಾಟಿದವರು. ಅಮ್ಮಮ್ಮನ ಸೊಸೆಯಾಗಿ ಅದೇ ಒಲೆಯ ಮುಂದೆ ಕಲಿತವರು. ಎಷ್ಟು ಉಪ್ಪು ಎಂದು ಕೇಳಿದರೆ, "ಅದಕ್ಕೆಲ್ಲ ಲೆಕ್ಕ ಎಂತದು ಕೂಸೇ, ಕೈಗೆ ಗೊತ್ತಿರ್ತು" ಎನ್ನುತ್ತಾರೆ. ನಾನು ಕೇಳುವುದನ್ನೇ ಬಿಟ್ಟೆ. ಉಪ್ಪಿನ ಮರಿಗೆಯನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದೆ. ಅವರು ಕೈ ಹಾಕಿ ತೆಗೆದರೆ ತಕ್ಕಡಿಯೇ ಎಷ್ಟು ಕಡಿಮೆಯಾಯಿತು ಎಂದು ಹೇಳುತ್ತದೆ. ಮೆಣಸಿನ ಡಬ್ಬಿ, ಎಣ್ಣೆಯ ಗಿಂಡಿ, ಎಲ್ಲದಕ್ಕೂ ಇದೇ ಉಪಾಯ. ಅವರ ಕೈಗೆ ಅಳತೆಯ ಚಮಚ ಕೊಡಬಾರದು, ಕೊಟ್ಟರೆ ಕೈ ತಡವರಿಸುತ್ತದೆ. ಬೇರೆ ಬೇರೆ ದಿನ ತೂಗಿ ನೋಡಿದರೂ ಅವರ ಒಂದು ಹಿಡಿ ಒಂದೆರಡು ಗ್ರಾಂ ಆಚೀಚೆ ಅಷ್ಟೇ.

ಹೀಗೆ ಮಾಡಿದ್ದರಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಹಲಸಿನ ಹಪ್ಪಳ. ಪುಸ್ತಕದಲ್ಲಿ "ಬಕ್ಕೆ ಹಲಸು, ಬಲಿತದ್ದು. ಹಬೆ. ಬಿಸಿ ಇರುವಾಗ ಕುಟ್ಟುವುದು" ಎಂದಿದೆ. ಬಕ್ಕೆ ಎಂದರೆ ಗಟ್ಟಿ ಸೊಳೆಯ ಹಲಸು. ಬಲಿತದ್ದು ಎಂಬುದರಲ್ಲೇ ಎಲ್ಲ ಇದೆ. ಸೊಳೆ ಬಿಳಿ ಬಿಟ್ಟು ತುಸು ಹಳದಿಗೆ ತಿರುಗಿರಬೇಕು, ಸಿಹಿ ಮಾತ್ರ ಬಂದಿರಬಾರದು. ಸಿಹಿ ಬಂದರೆ ಕರಿಯುವಾಗ ಹಪ್ಪಳ ಕೆಂಪಾಗಿ ಸೀದ ವಾಸನೆ ಬರುತ್ತದೆ. ಅತ್ತೆ ಒಂದು ಸೊಳೆ ಕಚ್ಚಿ ನೋಡಿಯೇ ಹಲಸು ಒಪ್ಪುತ್ತಾರೆ. ಸೊಳೆ ಬಿಡಿಸಿ, ಬೀಜ ತೆಗೆದು, ಹಬೆಯಲ್ಲಿ ಬೇಯಿಸಬೇಕು. ಬೆರಳಲ್ಲಿ ಒತ್ತಿದರೆ ಮುದ್ದೆಯಾಗಬೇಕು, ನೀರು ಬಿಡಬಾರದು. ಕುಕ್ಕರಿನಲ್ಲಿ ನೀರು ತಾಗುವ ಹಾಗೆ ಇಟ್ಟರೆ ಹಿಟ್ಟು ಅಂಟಂಟಾಗುತ್ತದೆ.

ಕುಟ್ಟುವುದಕ್ಕೆ ಮಿಕ್ಸಿ ಬೇಡ ಎಂಬುದು ನನ್ನ ಅಭಿಪ್ರಾಯ. ಒರಳೇ ಬೇಕು ಎಂದು ಹಠ ಮಾಡುವವಳು ನಾನಲ್ಲ, ಗ್ರೈಂಡರ್ ನಡೆಯುತ್ತದೆ. ಮಿಕ್ಸಿಯಲ್ಲಿ ತಿರುಗಿಸಲು ನೀರು ಬೇಕಾಗುತ್ತದೆ, ತೊಂದರೆ ಅಲ್ಲೇ. ಒಣಮೆಣಸು, ಜೀರಿಗೆ, ಉಪ್ಪು ಮೊದಲೇ ಪುಡಿ ಮಾಡಿಟ್ಟು, ಕುಟ್ಟುತ್ತಾ ಸೇರಿಸಬೇಕು. ಹಿಟ್ಟು ಬಾಯಿಗೆ ಸ್ವಲ್ಪ ಸಪ್ಪೆ ಅನ್ನಿಸಬೇಕು. ನೀರು ಆರಿದ ಮೇಲೆ ಉಪ್ಪು, ಖಾರ ಎರಡೂ ಮುಂದೆ ಬರುತ್ತವೆ. ಅತ್ತೆಯ ಕೈ ಕೊಟ್ಟ ಲೆಕ್ಕ ಒಂದು ಕಿಲೋ ಬೆಂದ ಸೊಳೆಗೆ 12 ಗ್ರಾಂ ಉಪ್ಪು.

ನಿಂಬೆಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಒತ್ತುವುದು. ಅಂಚು ನಡುವಿಗಿಂತ ತೆಳ್ಳಗಾದರೆ ಒಣಗುವಾಗ ಸೀಳುತ್ತದೆ. ಚಾಪೆಯ ಮೇಲೆ ಹರವಿ, ಮೇಲ್ಮೈ ಆರಿದ ಕೂಡಲೇ ತಿರುವಿ ಹಾಕಬೇಕು. ಬಿಟ್ಟರೆ ಚಾಪೆಗೇ ಕಚ್ಚಿಕೊಳ್ಳುತ್ತದೆ. ಮಕ್ಕಳಾಗಿದ್ದಾಗ ಕಾಗೆ ಓಡಿಸುವ ಕೆಲಸ ನಮ್ಮದು. ಸಂಬಳ ಒಂದು ಉಂಡೆ ಹಸಿ ಹಿಟ್ಟು, ಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆ. ಹಪ್ಪಳಕ್ಕಿಂತ ಅದೇ ರುಚಿ ಎಂದು ಈಗಲೂ ಹೇಳುತ್ತೇನೆ.

ಅಪ್ಪೆಮಿಡಿ ಉಪ್ಪಿನಕಾಯಿಗೆ ಪುಸ್ತಕದಲ್ಲಿ "ಸಾವಿರ ಮಿಡಿಗೆ" ಎಂಬ ಲೆಕ್ಕ ಇದೆ. ಅದು ಅಜ್ಜನಮನೆಯ ಹೊಳೆಯಂಚಿನ ಒಂದೇ ಮರದ ಮಿಡಿ, ಗಾತ್ರ ಒಂದೇ ಥರ. ಇವತ್ತು ಪೇಟೆಯಲ್ಲಿ ತರುವ ಮಿಡಿಗೆ ಆ ಲೆಕ್ಕ ಹೊಂದುವುದಿಲ್ಲ, ತೂಕದಲ್ಲೇ ಮಾಡಬೇಕು. ತೊಟ್ಟು ಇರಬೇಕು, ಸೊನೆ ಹೋಗಿರಬಾರದು, ನೆಲಕ್ಕೆ ಬಿದ್ದ ಮಿಡಿ ಒಂದೂ ಸೇರಬಾರದು. ಉಪ್ಪಿನಲ್ಲಿ ಚಿರುಟಿದ ಮೇಲೆ ಆ ಉಪ್ಪುನೀರನ್ನೇ ಕುದಿಸಿ, ಪೂರ್ತಿ ಆರಿಸಿ, ಸಾಸಿವೆ ಮೆಣಸನ್ನು ಅದರಲ್ಲೇ ರುಬ್ಬುವುದು. ಹಸಿ ನೀರು ಒಂದು ಹನಿಯೂ ಬೇಡ.

ಹಾಳೆಯಷ್ಟು ತೆಳ್ಳಗಿನ ಸಿಹಿ ತೊಡದೇವಿನ ಪುಟವೂ ಇದೆ. ಅದಕ್ಕೆ ನಾನು ಕೈ ಹಾಕಲಿಲ್ಲ. ಕಬ್ಬಿನ ಹಾಲು ಬೇಕು, ಕವುಚಿ ಇಡುವ ಮಡಕೆ ಬೇಕು, ಬಟ್ಟೆಯಲ್ಲಿ ಹಿಟ್ಟು ಎಳೆಯುವ ಕೈ ಬೇಕು. ಬಲ್ಲವರು ಮಾಡಿದ್ದನ್ನು ಕೊಂಡು, ತುಪ್ಪ ಹಾಲು ಹಾಕಿ ತಿನ್ನುವುದೇ ಜಾಣತನ.

ಅಪ್ಪೆಹುಳಿಗೆ ಅತ್ತೆಯ ಲೆಕ್ಕ ಹೀಗೆ ಬಂತು: 150 ಗ್ರಾಂ ತೂಗುವ ಹುಳಿ ಕಾಯಿ ಬೇಯಿಸಿ, ತಣಿದ ಮೇಲೆ ಕಿವುಚಿ, ಒಂದು ಲೀಟರ್ ನೀರು. ಉಪ್ಪಿನ ಜೊತೆ ನುರಿದ ಹಸಿಮೆಣಸು. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ. ಊಟದ ಕೊನೆಗೆ ಲೋಟದಲ್ಲಿ ಕುಡಿದರೆ ಮಧ್ಯಾಹ್ನದ ನಿದ್ದೆ ಗ್ಯಾರಂಟಿ. ಇದನ್ನು ಟೈಪ್ ಮಾಡಿ ಮನೆಮಂದಿಗೆಲ್ಲ ಕಳಿಸಿದೆ. ಕುಮಟೆಯಲ್ಲಿರುವ ಚಿಕ್ಕಮ್ಮನ ಮಗಳು ಕೂಡಲೇ ಫೋನ್ ಮಾಡಿದಳು. "ಅಕ್ಕಾ, ಅಮ್ಮಮ್ಮ ಒಂದು ಚೂರು ಬೆಲ್ಲ ಹಾಕ್ತಿತ್ತು, ನಂಗೆ ಸರೀ ನೆನಪಿದ್ದು." ಅತ್ತೆ ಸುತರಾಂ ಒಪ್ಪುವುದಿಲ್ಲ. ಪುಸ್ತಕದಲ್ಲೂ ಬೆಲ್ಲದ ಸುದ್ದಿ ಇಲ್ಲ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ "ಕುಮಟೆಯಲ್ಲಿ ಬೆಲ್ಲ" ಎಂದು ಬರೆದಿಟ್ಟಿದ್ದೇನೆ.