ಕಾಸರಗೋಡಿನ ಮಳೆಯಲ್ಲಿ ಚರ್ಮದ ಕೆಲಸ ಕಲಿಯುವುದು ಹೇಗೆ

ಚರ್ಮದ ಕೆಲಸ ಕಲಿಸುವ ವಿಡಿಯೋಗಳಿಗೇನೂ ಬರ ಇಲ್ಲ. ಆದರೆ ಅವನ್ನು ಮಾಡುವವರಲ್ಲಿ ಹೆಚ್ಚಿನವರು ಒಣ ಹವೆಯ ಊರಿನವರು. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಕಿದ ಬಟ್ಟೆಯೇ ಒಣಗುವುದಿಲ್ಲ. ಇಲ್ಲಿ ಕೂತು ಅವರು ಹೇಳಿದ ಹಾಗೇ ಮಾಡಿದರೆ, ಆಸೆಪಟ್ಟು ಹೊಲಿದ ಪರ್ಸಿಗೆ ಆಟಿ ಮುಗಿಯುವ ಮೊದಲೇ ಬಿಳಿ ಬೂಸು ಹಿಡಿದಿರುತ್ತದೆ. ಹಾಗಾಗಿ ಈ ಕೆಲಸಕ್ಕೆ ಕೈಚಳಕಕ್ಕಿಂತ ಮೊದಲು ಬೇಕಾದದ್ದು ನೀರಿನ ಅಂದಾಜು. ಎಲ್ಲಿ ಒದ್ದೆ ಮಾಡಬೇಕು, ಎಷ್ಟು ಮಾಡಬೇಕು, ಯಾವಾಗ ಪೂರ್ತಿ ಒಣಗಿರಲೇಬೇಕು ಅನ್ನುವುದು ಗೊತ್ತಾದರೆ ಉಳಿದದ್ದು ಅಭ್ಯಾಸದಿಂದ ಬರುತ್ತದೆ.

ಮೊದಲು ಚರ್ಮದ ಆಯ್ಕೆ. ಅಂಗಡಿಯಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತದೆ. ಕ್ರೋಮ್ ಟ್ಯಾನ್ ಅಂದರೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು. ಮೆತ್ತಗಿರುತ್ತದೆ, ಬೇಕಾದ ಬಣ್ಣದಲ್ಲಿ ಸಿಗುತ್ತದೆ, ಸ್ವಲ್ಪ ನೀರು ಬಿದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ನೀವು ಹಾಕುವ ಶೂ, ಕೂರುವ ಸೋಫಾ ಹೆಚ್ಚಾಗಿ ಇದೇ. ವೆಜ್ ಟ್ಯಾನ್ ಅಂದರೆ ತೊಗಟೆ, ಕಾಯಿಗಳ ಚೊಗರಿನಲ್ಲಿ ಹದ ಮಾಡಿದ್ದು. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಪಡೆದ ಕೊಲ್ಹಾಪುರಿ ಚಪ್ಪಲಿಯ ಚರ್ಮಕ್ಕೆ ಜಾಲಿ ತೊಗಟೆ ಮತ್ತು ಅಳಲೆಕಾಯಿ ಬಳಸುತ್ತಾರೆ. ತಮಿಳುನಾಡಿನ 'ಈಸ್ಟ್ ಇಂಡಿಯಾ' ಅನ್ನುವ ಬಗೆಯ ಚರ್ಮಕ್ಕೆ ಹಿಂದೆ ಆವರಿಕೆ ತೊಗಟೆ ಹಾಕುತ್ತಿದ್ದರು. ಕಲಿಯುವವರು ವೆಜ್ ಟ್ಯಾನನ್ನೇ ತಗೊಳ್ಳಿ. ಒದ್ದೆ ಮಾಡಿ ಅಚ್ಚು ಒತ್ತಿದರೆ ಉಳಿಯುತ್ತದೆ, ಅಂಚು ಉಜ್ಜಿದರೆ ಹೊಳೆಯುತ್ತದೆ. ಕ್ರೋಮ್‌ನಲ್ಲಿ ಇವೆರಡೂ ಸರಿಯಾಗಿ ಆಗುವುದಿಲ್ಲ. ಒಂದೇ ತೊಂದರೆ, ಬೂಸು ಬೇಗ ಹಿಡಿಯುವುದೂ ವೆಜ್ ಟ್ಯಾನಿಗೇ.

ಅಂಗಡಿಯವರು ಏನೇ ಹೇಳಲಿ, ನೀವೇ ಪರೀಕ್ಷೆ ಮಾಡಿ ನೋಡಿ. ಒಂದು ಹನಿ ನೀರು ಬಿಡಿ. ಫಿನಿಶ್ (ಕೊನೆಯ ಮೇಲ್ಲೇಪ) ಹಾಕದ ವೆಜ್ ಟ್ಯಾನ್ ಆದರೆ ಹನಿ ಇಂಗಿ ಆ ಜಾಗ ಕಪ್ಪಾಗುತ್ತದೆ. ಕತ್ತರಿಸಿದ ಅಂಚು ನೋಡಿ. ಕ್ರೋಮ್ ಆದರೆ ನಡುವೆ ಎಷ್ಟೋ ಸಲ ನೀಲಿ ಬೂದು ಗೆರೆ ಕಾಣುತ್ತದೆ. 'ಜೆನ್ಯೂನ್ ಲೆದರ್' ಅಂತ ಚೀಟಿ ಅಂಟಿಸಿದ ಮಾತ್ರಕ್ಕೆ ಮರುಳಾಗಬೇಡಿ. ಕೆಳಪದರದ ಚರ್ಮಕ್ಕೆ ಬಣ್ಣ ಬಳಿದದ್ದಕ್ಕೂ ಅದೇ ಚೀಟಿ ಇರುತ್ತದೆ. ಕೇಳಬೇಕಾದದ್ದು ಫುಲ್ ಗ್ರೇನ್, ಅಂದರೆ ಮೇಲ್ಪದರವನ್ನು ಉಜ್ಜಿ ತೆಗೆಯದೆ ಹಾಗೇ ಉಳಿಸಿದ ಚರ್ಮ.

ದಪ್ಪ ಮಿಲಿಮೀಟರ್‌ನಲ್ಲಿ ಹೇಳುತ್ತಾರೆ, ಬೆಲೆ ಚದರ ಅಡಿಗೆ. ವಿದೇಶದ ವಿಡಿಯೋಗಳಲ್ಲಿ ಔನ್ಸ್ ಅಂದರೆ ಒಂದು ಔನ್ಸಿಗೆ 0.4 ಮಿಲಿಮೀಟರ್ ಅಂತ ಲೆಕ್ಕ ಹಾಕಿಕೊಳ್ಳಿ. ಕಾರ್ಡ್ ಇಡುವ ಪುಟ್ಟ ಪರ್ಸಿಗೆ 1ರಿಂದ 1.2, ಬ್ಯಾಗಿಗೆ 2ರಿಂದ 2.5, ಕತ್ತಿಯ ಒರೆಗೆ 3, ಬೆಲ್ಟಿಗೆ 3.5 ಸಾಕು. ನಮ್ಮೂರಲ್ಲಿ ಇದು ಸಿಗುವುದು ಕಷ್ಟ. ಆನ್‌ಲೈನ್‌ನಲ್ಲಿ ತರಿಸಬಹುದು. ಆದರೆ ಮುಟ್ಟಿ ನೋಡಿ ತಗೊಳ್ಳುವುದೇ ಬೇರೆ. ಕಾಸರಗೋಡಿನಲ್ಲಿ ಚೆನ್ನೈ ಮೇಲ್ ಹತ್ತಿದರೆ ಬೆಳಿಗ್ಗೆ ಚೆನ್ನೈ ಸೆಂಟ್ರಲ್. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ ಪೆರಿಯಮೇಟ್, ಸಾಲುಸಾಲು ಚರ್ಮದ ಅಂಗಡಿಗಳು. ಪೂರ್ತಿ ಹಾಳೆ ಬೇಡ, ತುಂಡು ಕೇಳಿ. ತುಂಡುಗಳನ್ನು ತೂಕಕ್ಕೆ ಕೊಡುವವರೂ ಇರುತ್ತಾರೆ, ಕೈ ಪಳಗಿಸಲು ಅದೇ ಸರಿ.

ಮನೆಯಲ್ಲಿ ಹಿರಿಯರು 'ಚರ್ಮವನ್ನು ಒಳಗೆ ತರಬೇಡ' ಅಂದರೆ ವಾದ ಮಾಡಲು ಹೋಗಬೇಡಿ, ಜಗಲಿಗೆ ಮಣೆ ಹಾಕಿಕೊಳ್ಳಿ. ಗಾಳಿ, ಬೆಳಕು ಎರಡೂ ಅಲ್ಲೇ ಚೆನ್ನಾಗಿರುತ್ತದೆ. (ಅದೇ ಮನೆಯಲ್ಲಿ ಚೆಂಡೆ, ಮದ್ದಳೆ ಬಂದರೆ ಕೈಮುಗಿದು ಒಳಗೆ ಕರೆಯುತ್ತಾರೆ, ಅದು ಬೇರೆ ವಿಷಯ.)

ಇನ್ನು ಸಲಕರಣೆ. ಐವತ್ತು ತುಂಡುಗಳ ಅಗ್ಗದ ಸೆಟ್ ಅಂತ ಬರುತ್ತದಲ್ಲ, ಅದು ಬೇಡವೇ ಬೇಡ. ಅರ್ಧ ಸಾಮಾನು ಪೆಟ್ಟಿಗೆಯಿಂದ ಹೊರಗೇ ಬರುವುದಿಲ್ಲ. ಸಣ್ಣ ಬ್ಲೇಡ್ ಕಟರ್, ಸ್ಟೀಲ್ ಸ್ಕೇಲು, ಕಟಿಂಗ್ ಮ್ಯಾಟ್, ದಬ್ಬಳ, ಮೊಂಡು ತುದಿಯ ಎರಡು ಸೂಜಿ, ಮೇಣದ ನೂಲು, 4 ಮಿಲಿಮೀಟರ್ ಅಂತರದ ತೂತು ಹೊಡೆಯುವ ಚಿಸೆಲ್, ಅಂಚು ಕೆತ್ತುವ ಬೆವೆಲರ್. ಇಷ್ಟು ಸಾಕು. ಚಿಸೆಲ್‌ನಲ್ಲಿ ಎರಡು ಹಲ್ಲಿನದೊಂದು, ನಾಲ್ಕು ಅಥವಾ ಆರು ಹಲ್ಲಿನದೊಂದು ಇರಲಿ. ಎರಡು ಹಲ್ಲಿನದು ತಿರುವಿನಲ್ಲಿ ಬೇಕಾಗುತ್ತದೆ. ದುಡ್ಡು ಹಾಕುವುದಾದರೆ ಚಿಸೆಲ್‌ಗೇ ಹಾಕಿ, ಹಲ್ಲು ಒರಟಾದರೆ ಹೊಲಿಗೆ ಎಂದೂ ನೆಟ್ಟಗೆ ಬರುವುದಿಲ್ಲ. ಕಬ್ಬಿಣದ ಸುತ್ತಿಗೆಯಲ್ಲಿ ಹೊಡೆದರೆ ಚಿಸೆಲ್ ತಲೆ ಚಪ್ಪಟೆಯಾಗುತ್ತದೆ, ಮರದ ಕೊಡತಿ ಬಳಸಿ. ಬಡಗಿಯ ಹತ್ತಿರ ಹಲಸಿನ ಮರದ ತುಂಡು ಕೇಳಿದರೆ ಅವರೇ ಮಾಡಿ ಕೊಟ್ಟಾರು. ಕೆಳಗೆ ಇಡಲು ಗ್ರಾನೈಟ್ ಅಂಗಡಿಯಲ್ಲಿ ಬಿಸಾಡಿದ ತುಂಡು ಒಳ್ಳೆಯದು. ಆದರೆ ತೂತು ಹೊಡೆಯುವಾಗ ಅದರ ಮೇಲೊಂದು ದಪ್ಪ ಪ್ಲಾಸ್ಟಿಕ್ ಹಲಗೆ ಇರಲೇಬೇಕು, ಇಲ್ಲದಿದ್ದರೆ ಹಲ್ಲು ಮುರಿಯುತ್ತದೆ.

ಕತ್ತರಿಸುವಾಗ ಮೊದಲು ದಪ್ಪ ಕಾಗದದಲ್ಲಿ ಅಳತೆ ಕತ್ತರಿಸಿ, ಮಡಚಿ, ಕಾರ್ಡು ತುರುಕಿ ನೋಡಿ. ಕಾಗದದಲ್ಲಿ ಬಿಗಿಯಾದದ್ದು ಚರ್ಮದಲ್ಲಿ ಹೋಗುವುದೇ ಇಲ್ಲ. ಬ್ಲೇಡಿನ ತುದಿ ಆಗಾಗ ಮುರಿದು ಹೊಸದು ಮಾಡಿಕೊಳ್ಳಿ. ಒಂದೇ ಏಟಿಗೆ ಬಲ ಹಾಕಬೇಡಿ, ಎರಡು ಮೂರು ಸಲ ಹಗುರವಾಗಿ ಎಳೆಯಿರಿ. ಸ್ಕೇಲ್ ಹಿಡಿದ ಕೈಬೆರಳು ಬ್ಲೇಡಿನ ದಾರಿಯಲ್ಲಿ ಇರಬಾರದು ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಅಚ್ಚು ಒತ್ತುವವರಿಗೆ, ಒರೆಗೆ ಆಕಾರ ಕೊಡುವವರಿಗೆ ನೀರಿನ ಪಾಠ ಶುರುವಾಗುವುದು ಇಲ್ಲಿಂದ. ಸ್ಪಂಜಿನಲ್ಲಿ ಎರಡೂ ಬದಿಗೆ ಸಮನಾಗಿ ನೀರು ಸವರಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೆಲವು ಗಂಟೆ ಬಿಡಿ. ನೀರು ಒಳಗೆಲ್ಲ ಹರಡಬೇಕು. ಆಮೇಲೆ ತೆಗೆದು ಹರಡಿ ಕಾಯಿರಿ. ಮೊದಲು ಗಾಢ ಕಂದು ಇರುತ್ತದೆ. ಬಣ್ಣ ಅಂಚಿನಿಂದ ತಿಳಿಯಾಗುತ್ತಾ ಬಂದು ಹೆಚ್ಚುಕಡಿಮೆ ಒಣ ಚರ್ಮದ ಹಾಗೆ ಕಾಣಬೇಕು, ಆದರೆ ಕೆನ್ನೆಗೆ ಇಟ್ಟರೆ ತಣ್ಣಗೆ ಅನಿಸಬೇಕು. ಒತ್ತುವ ಹೊತ್ತು ಅದು. ಜಾಸ್ತಿ ಒದ್ದೆ ಇದ್ದಾಗ ಒತ್ತಿದರೆ ಗುರುತು ಉಬ್ಬಿ ಮಾಯವಾಗುತ್ತದೆ, ಒಣಗಿದ ಮೇಲೆ ಒತ್ತಿದರೆ ಗೆರೆ ಏಳುವುದೇ ಇಲ್ಲ. ಬೇಸಗೆಯಲ್ಲಿ ಈ ಹದ ಬೇಗ ಬಂದು ಬೇಗ ಹೋಗುತ್ತದೆ. ಜುಲೈಯಲ್ಲಿ ಅರ್ಧ ದಿನ ಕಾದರೂ ಬರುವುದಿಲ್ಲ, ಫ್ಯಾನ್ ಕೆಳಗೆ ಇಡಿ. ಒಲೆ ಹತ್ತಿರ, ಬಿಸಿಲಿಗೆ ಕಾದ ಶೀಟಿನ ಮೇಲೆ, ಅಡಿಕೆ ಡ್ರೈಯರ್ ಒಳಗೆ ಮಾತ್ರ ಬೇಡ. ಒದ್ದೆ ವೆಜ್ ಟ್ಯಾನ್ 70 ಡಿಗ್ರಿ ದಾಟಿದರೆ ಮುದುಡಿ ಮರದ ಹಾಗಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಒದ್ದೆ ಚರ್ಮಕ್ಕೆ ಕಬ್ಬಿಣ ತಾಗಿಸಬೇಡಿ. ಬಾಳೆಕಾಯಿ ಹೆಚ್ಚಿದ ಕತ್ತಿ ಕಪ್ಪಾಗುತ್ತದಲ್ಲ, ಅದೇ ಕತೆ. ಚೊಗರೂ ಕಬ್ಬಿಣವೂ ಸೇರಿದರೆ ಹೋಗದ ಕಪ್ಪು ಕಲೆ. ಬೇಕೆಂದೇ ಕಪ್ಪು ಮಾಡುವುದಾದರೆ ಇದೇ ಗುಣ ಉಪಯೋಗಕ್ಕೆ ಬರುತ್ತದೆ. ಎಣ್ಣೆ ಪಸೆ ತೊಳೆದ ಕಬ್ಬಿಣದ ನಾರು ಅಥವಾ ಮೊಳೆಗಳನ್ನು ವಿನೆಗರ್‌ನಲ್ಲಿ ಒಂದೆರಡು ವಾರ ಹಾಕಿಟ್ಟು, ಸೋಸಿ ಬಳಿದರೆ ಚರ್ಮ ಕಣ್ಣೆದುರೇ ಕಪ್ಪಾಗುತ್ತದೆ. ಬಾಟಲಿ ಮುಚ್ಚಳ ಮಾತ್ರ ಬಿಗಿ ಮಾಡಬೇಡಿ, ಒಳಗೆ ಗ್ಯಾಸ್ ಆಗುತ್ತದೆ. ಬಳಿದ ಮೇಲೆ ಅಡುಗೆ ಸೋಡಾ ಕದಡಿದ ನೀರಲ್ಲಿ ಒಮ್ಮೆ ಒರೆಸಿ, ಹುಳಿ ಉಳಿಯಬಾರದು.

ಹೊಲಿಗೆಗೆ ಮೊದಲು ಅಂಟು. ಫೆವಿಕಾಲ್ ಎಸ್‌ಆರ್ 998 ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಎರಡೂ ಬದಿಗೆ ತೆಳ್ಳಗೆ ಸವರಿ, ಕೈಗೆ ಅಂಟದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಿ. ಮಳೆಗಾಲದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಚರ್ಮ ತೇವ ಇದ್ದರೆ ಅಂಟು ಕಿತ್ತುಬರುತ್ತದೆ. ಅಂಚಿನಿಂದ 3ರಿಂದ 4 ಮಿಲಿಮೀಟರ್ ಒಳಗೆ ಗೆರೆ ಎಳೆದು ಚಿಸೆಲ್ ಇಡಿ. ಪ್ರತಿ ಸಲವೂ ಮೊದಲ ಹಲ್ಲು ಹಿಂದಿನ ಕೊನೆಯ ತೂತಿನಲ್ಲೇ ಕೂತರೆ ಅಂತರ ತಪ್ಪುವುದಿಲ್ಲ. ನೂಲು ಹೊಲಿಗೆಯ ಉದ್ದದ ನಾಲ್ಕು ಪಟ್ಟು ಇರಲಿ, ಎರಡು ತುದಿಗೂ ಒಂದೊಂದು ಸೂಜಿ. ಮೊದಲ ತೂತಿನಲ್ಲಿ ಹಾಕಿ ಎರಡೂ ಬದಿ ಸಮ ಮಾಡಿ. ಮುಂದಿನ ತೂತಿಗೆ ಎಡಗೈ ಸೂಜಿ ಹಾಕಿ ಎಳೆಯಿರಿ, ಅದೇ ತೂತಿಗೆ ಬಲಗೈ ಸೂಜಿ. ಎರಡನೇ ಸೂಜಿ ಮೊದಲಿನ ನೂಲನ್ನು ಚುಚ್ಚಬಾರದು. ಎಡದ ನೂಲನ್ನು ಸ್ವಲ್ಪ ಹಿಂದಕ್ಕೆ ಜಗ್ಗಿ ಹಿಡಿದರೆ ಚುಚ್ಚುವುದಿಲ್ಲ. ಕ್ರಮ ಯಾವುದೇ ಇರಲಿ, ಶುರುವಿನಿಂದ ಕೊನೆಯವರೆಗೆ ಅದೇ ಇದ್ದರೆ ಮಾತ್ರ ಹೊಲಿಗೆ ಒಂದೇ ಓರೆಯಲ್ಲಿ ಕಾಣುತ್ತದೆ. ಮೆಷಿನ್ ಹೊಲಿಗೆ ಒಂದು ಕಡೆ ಕಡಿದರೆ ಬಿಚ್ಚುತ್ತಾ ಹೋಗುತ್ತದೆ, ಇದರಲ್ಲಿ ಒಂದು ನೂಲು ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಕೊನೆಯಲ್ಲಿ ಎರಡು ಮೂರು ತೂತು ಹಿಂದಕ್ಕೆ ಹೊಲಿದು ಕತ್ತರಿಸಿ. ಪಾಲಿಯೆಸ್ಟರ್ ನೂಲಾದರೆ ತುದಿಗೆ ಲೈಟರ್ ತೋರಿಸಿ ಒತ್ತಿ.

ಬಸ್ ಸ್ಟ್ಯಾಂಡ್ ಬದಿ ಚಪ್ಪಲಿ ರಿಪೇರಿ ಮಾಡುವವರ ಕೆಲಸವನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಅವರದು ಕೊಕ್ಕೆ ದಬ್ಬಳದ ಹೊಲಿಗೆ, ಬೇರೆಯೇ ಕ್ರಮ. ಆದರೆ ನೂಲನ್ನು ಎಷ್ಟು ಜಗ್ಗಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಅವರಷ್ಟು ಚೆನ್ನಾಗಿ ಯಾವ ವಿಡಿಯೋವೂ ತೋರಿಸುವುದಿಲ್ಲ.

ಕತ್ತಿಯ ಒರೆ ಮಾಡುವವರಿಗೆ ಒಂದು ಮಾತು. ಎರಡು ಪದರದ ನಡುವೆ, ಅಲಗಿನ ಕಡೆ, ಬೆರಳಗಲದ ಚರ್ಮದ ಪಟ್ಟಿ ಇಟ್ಟು ಮೂರನ್ನೂ ಸೇರಿಸಿ ಹೊಲಿಯಿರಿ. ಪಟ್ಟಿ ಇಲ್ಲದಿದ್ದರೆ ಕತ್ತಿ ಹಾಕಿ ತೆಗೆಯುವಾಗಲೆಲ್ಲ ನೂಲು ಕಡಿಯುತ್ತದೆ. ಕತ್ತಿಯನ್ನು ಒರೆಯಲ್ಲೇ ಬಿಟ್ಟು ಮಲಗಬೇಡಿ, ಚರ್ಮ ಹಿಡಿದಿಟ್ಟ ತೇವಕ್ಕೆ ತುಕ್ಕು ಬರುತ್ತದೆ.

ಅಂಚು ನೋಡಿದರೆ ಸಾಕು, ಕೆಲಸಗಾರ ಎಂಥವನು ಅಂತ ಗೊತ್ತಾಗುತ್ತದೆ. ಅವಸರ ಮಾಡುವವರು ಕೈಬಿಡುವುದೂ ಇಲ್ಲೇ. ಬೆವೆಲರ್‌ನಲ್ಲಿ ಮೂಲೆ ಕೆತ್ತಿ, 400ರ ಉಪ್ಪುಕಾಗದದಿಂದ ಶುರು ಮಾಡಿ 600, 1000 ಅಂತ ಉಜ್ಜಿ. ಪದರಗಳು ಒಂದೇ ಆಗಿ ಕಾಣಬೇಕು. ಬೆರಳಲ್ಲಿ ಸ್ವಲ್ಪವೇ ನೀರು ಅಥವಾ ಟೋಕೊನೋಲ್ ಅನ್ನುವ, ಅಂಚು ನಯ ಮಾಡುವ ಅಂಟು ಸವರಿ, ನಯ ಮರದ ತುಂಡಿನಿಂದ ಬೇಗ ಬೇಗ ತಿಕ್ಕಿ. ಮೊದಲು ಮರ ತಡೆದು ತಡೆದು ಹೋಗುತ್ತದೆ, ಆಮೇಲೆ ಬಿಸಿಯಾಗಿ ಒಮ್ಮೆಲೇ ಜಾರಲು ಶುರುವಾಗುತ್ತದೆ. ಹೊಳಪು ಬರುವುದು ಆಗಲೇ. ನೀರು ಜಾಸ್ತಿಯಾದರೆ ಅಂಚು ಅಣಬೆಯ ಹಾಗೆ ಮಡಚಿಕೊಳ್ಳುತ್ತದೆ. ಕೊನೆಗೆ ಜೇನುಮೇಣ ಉಜ್ಜಿ ಬಟ್ಟೆಯಲ್ಲಿ ತಿಕ್ಕಿ. ಜೇನುಮೇಣಕ್ಕೆ ಆನ್‌ಲೈನ್ ಬೇಡ, ಜೇನು ಸಾಕುವವರು ನಮ್ಮಲ್ಲಿ ಊರಿಗಿಬ್ಬರು ಇದ್ದಾರೆ.

ಬಣ್ಣ ಹಾಕುವುದಾದರೆ ಸ್ಪಿರಿಟ್ ಡೈ ಬೇಗ ಒಣಗುತ್ತದೆ, ನಮ್ಮ ಹವೆಗೆ ಅದೇ ವಾಸಿ. ಬಟ್ಟೆ ತುಂಡಿನಲ್ಲಿ ತೆಳ್ಳಗೆ ಎರಡು ಸಲ ಹಾಕಿ, ಒಣಗಿದ ಮೇಲೆ ಒಣ ಬಟ್ಟೆಯಲ್ಲಿ ಚೆನ್ನಾಗಿ ತಿಕ್ಕಿ. ಹೀಗೆ ಮಾಡದಿದ್ದರೆ ಬಣ್ಣವೆಲ್ಲ ಬಿಳಿ ಅಂಗಿಗೆ. ಬಣ್ಣವೇ ಬೇಡ ಅಂದರೂ ತೊಂದರೆ ಇಲ್ಲ, ವೆಜ್ ಟ್ಯಾನನ್ನು ಬೇಸಗೆ ಬಿಸಿಲಿಗೆ ಸ್ವಲ್ಪ ತೋರಿಸಿದರೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಒಣ ಚರ್ಮವನ್ನು ಮಾತ್ರ, ಒದ್ದೆಯದ್ದಲ್ಲ.

ಎಣ್ಣೆ ವಿಷಯಕ್ಕೆ ಬರೋಣ, ಯಾಕೆಂದರೆ ಕಾಸರಗೋಡಿನಲ್ಲಿ ಎಲ್ಲರ ಕೈ ಹೋಗುವುದು ತೆಂಗಿನೆಣ್ಣೆ ಬಾಟಲಿಗೇ. ಹಾಕಿದ ಕೂಡಲೇ ಚೆನ್ನಾಗಿ ಕಾಣುತ್ತದೆ ನಿಜ. ಆದರೆ ಜಾಸ್ತಿಯಾದರೆ ಚರ್ಮ ಬಳುಕಿ ಆಕಾರ ಬಿಡುತ್ತದೆ, ಬಣ್ಣ ಕಲೆಕಲೆಯಾಗಿ ಕಪ್ಪಾಗುತ್ತದೆ. ಸೋಸದ ಗಾಣದ ಎಣ್ಣೆಯಾದರೆ ಮಳೆಗಾಲದಲ್ಲಿ ಕಮಟು ವಾಸನೆ ಬೇರೆ. ನೀಟ್ಸ್‌ಫುಟ್ ಎಣ್ಣೆ (ದನದ ಕಾಲಿನ ಎಲುಬಿನಿಂದ ತೆಗೆದದ್ದು) ತೆಳ್ಳಗೆ ಒಂದೇ ಸಲ ಸವರಿ ಒಂದು ರಾತ್ರಿ ಬಿಡುವುದು ನನಗೆ ಹಿಡಿಸಿದ ಕ್ರಮ. ಅದರ ಮೇಲೆ ಮೇಣ. ಒಂದು ಪಾಲು ಜೇನುಮೇಣ, ಎರಡು ಪಾಲು ನೀಟ್ಸ್‌ಫುಟ್ ಎಣ್ಣೆ ತೂಕ ಮಾಡಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಡಬ್ಬಿಗೆ ಸುರಿದರೆ ತುಂಬಾ ಕಾಲಕ್ಕೆ ಸಾಕು. ನೇರ ಬೆಂಕಿಯ ಮೇಲೆ ಕರಗಿಸಬೇಡಿ. ಮಳೆಯಲ್ಲಿ ನೆನೆಯುವಂಥ ವಸ್ತುವಾದರೆ, ಉದಾಹರಣೆಗೆ ಬೈಕಿನ ಟೂಲ್ ಬ್ಯಾಗು, ಮೇಣಕ್ಕಿಂತ ಅಕ್ರಿಲಿಕ್ ಫಿನಿಶ್ ಒಳ್ಳೆಯದು. ಯಾವುದೇ ಇರಲಿ, ಒಳಗೆ ತೇವ ಇಟ್ಟುಕೊಂಡ ಚರ್ಮದ ಮೇಲೆ ಫಿನಿಶ್ ಹಾಕಿದರೆ ಬೂಸಿಗೆ ಮನೆ ಕಟ್ಟಿಕೊಟ್ಟ ಹಾಗೇ. ಹಾಗಾಗಿ ದೊಡ್ಡ ಕೆಲಸಗಳ ಫಿನಿಶ್ ನವೆಂಬರ್‌ನಿಂದ ಮೇ ಒಳಗೆ ಮುಗಿಸಿ, ಮಳೆಗಾಲವನ್ನು ಹೊಲಿಗೆಗೆ ಇಟ್ಟುಕೊಳ್ಳಿ.

ಉಳಿದ ಚರ್ಮವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕಪಾಟಿಗೆ ತುರುಕುವುದು ಎಲ್ಲಕ್ಕಿಂತ ಕೆಟ್ಟದ್ದು. ಹತ್ತಿ ಬಟ್ಟೆಯಲ್ಲಿ ಸಡಿಲ ಸುತ್ತಿ, ಗೋಡೆಗೆ ತಾಗದಂತೆ, ಗಾಳಿ ಆಡುವ ಕಡೆ ಇಡಿ. ಬಟ್ಟೆ ಸುತ್ತಿದ ಚರ್ಮವನ್ನು ಸಿಲಿಕಾ ಜೆಲ್ ಚೀಲಗಳ ಜೊತೆ ಗಾಳಿಯಾಡದ ಡಬ್ಬದಲ್ಲಿ ಹಾಕಿದರೂ ಆದೀತು, ಆದರೆ ಜೆಲ್ಲನ್ನು ಆಗಾಗ ಬಿಸಿ ಮಾಡಿ ಒಣಗಿಸುತ್ತಿರಬೇಕು. ಇಷ್ಟಾದರೂ ಬೂಸು ಬಂತಾ? ಗಾಬರಿ ಬೇಡ. ಅಂಗಳಕ್ಕೆ ತಂದು ಒಣ ಬಟ್ಟೆಯಲ್ಲಿ ಒರೆಸಿ, ಒಳಗೆ ಕೊಡವಿದರೆ ಉಳಿದ ಚರ್ಮಕ್ಕೂ ಹರಡುತ್ತದೆ. ಆಮೇಲೆ ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಮತ್ತು ನೀರು ಸಮಸಮ ಬೆರೆಸಿ, ಬಟ್ಟೆಯನ್ನು ಅದ್ದಿ ಹಿಂಡಿ ಒರೆಸಿ. ಬಣ್ಣ ಹಾಕಿದ್ದಾದರೆ ಕಾಣದ ಮೂಲೆಯಲ್ಲಿ ಮೊದಲು ನೋಡಿಕೊಳ್ಳಿ, ಸ್ಪಿರಿಟ್ ಡೈ ಕರಗುತ್ತದೆ. ನೆರಳಲ್ಲಿ ಫ್ಯಾನ್ ಹಾಕಿ ಪೂರ್ತಿ ಒಣಗಿದ ಮೇಲೆ ಮತ್ತೊಮ್ಮೆ ತೆಳ್ಳಗೆ ಮೇಣ ಹಾಕಿ. ಬಟ್ಟೆ ತುಂಡನ್ನು ಬಿಸಾಡಿ, ತೊಳೆದು ಮತ್ತೆ ಬಳಸಬೇಡಿ.